ಹಳೇ ಬಲ್ಬಿನ ಎರಡು ತಂತಿ

ಅಂತ್ಯಕ್ರಿಯೆ ಮುಗಿದು, ಬಂದವರೆಲ್ಲ ಹೊರಟುಹೋದ ಮೇಲೆ ಅದು ಮೊದಲ ಬೆಳಿಗ್ಗೆ. ಐದೂಮುಕ್ಕಾಲಿಗೆ ಗಂಡನ ಫೋನಿನ ಅಲಾರಂ ಹೊಡೆದುಕೊಂಡಿತು. ಅದನ್ನು ತೆಗೆಯಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ಅವಳು ಎದ್ದು ನಿಲ್ಲಿಸಿದಳು. ಹಾಲು ಕಾಯಿಸಿದಳು.

ಅಡುಗೆಮನೆಯ ಬಾಗಿಲಲ್ಲಿ ಅತ್ತೆ ನಿಂತಿದ್ದರು.

"ಆ ಲೈಟು ತಂದುಕೊಟ್ಟಿದ್ದು ನೀನೇ ಅಲ್ವಾ?"

"ಹೌದು ಅತ್ತೆ."

"ಸುಮ್ನೆ ಕೇಳ್ದೆ."

ಅತ್ತೆ ಲೋಟ ತೆಗೆದುಕೊಂಡು ಹೋದರು. ಕೆನ್ನೆಗೆ ಎರಡು ಬಿಗಿದಿದ್ದರೂ ವಾಸಿಯಿತ್ತು.

ಪೊಲೀಸರು ಹೇಳಿದ್ದೂ ಅದನ್ನೇ. ಬೈಕಿಗೆ ಹೊರಗಿನಿಂದ ತಂದು ಹಾಕಿದ ಬಿಳಿ ಎಲ್‌ಇಡಿ ದೀಪ. ಗುರುವಾರ ಮುಸ್ಸಂಜೆ, ರೈಲ್ವೆ ಸೇತುವೆಯ ಬಳಿಯ ತಿರುವಿನಲ್ಲಿ, ಅದರ ಬೆಳಕು ಎದುರಿನ ವ್ಯಾನಿನವನ ಕಣ್ಣಿಗೆ ಹೊಡೆಯಿತು. ತಪ್ಪು ಸತ್ತವನದೇ. ದೀಪ ಅವಳು ಹುಟ್ಟುಹಬ್ಬಕ್ಕೆ ಕೊಟ್ಟದ್ದು. ಹಳೇ ಬಲ್ಬು ಮಂಕು, ದಾರಿ ಕಾಣಲ್ಲ ಎಂದು ಬೆನ್ನುಹತ್ತಿ ಹಾಕಿಸಿದವಳೂ ಅವಳೇ.

ವ್ಯಾನಿನವನು ಹೊರಗಿನವನಲ್ಲ. ಗಂಡ ಲಿಫ್ಟ್ ಮೆಕ್ಯಾನಿಕ್ ಆಗಿದ್ದ ಕಂಪನಿಯ ಡ್ರೈವರ್. ಯಾರ ಗಾಡಿ ಕೆಟ್ಟರೂ ಬಂದು ನಿಲ್ಲುವವನಾದ್ದರಿಂದ ಎಲ್ಲರ ಬಾಯಲ್ಲೂ 'ಸ್ಟೆಪ್ನಿ ಅಣ್ಣ'. ಹೆಣಕ್ಕೆ ಹೆಗಲು ಕೊಟ್ಟವರಲ್ಲಿ ಅವನೂ ಒಬ್ಬ. ಬಿಕ್ಕಿ ಬಿಕ್ಕಿ ಅತ್ತಿದ್ದ. ಅವನ ಮಲ್ಟಿಮೀಟರ್ ಇನ್ನೂ ಈ ಮನೆಯಲ್ಲಿತ್ತು. ಹೊಸ ದೀಪ ಬಿಟ್ಟು ಬಿಟ್ಟು ಉರಿಯುತ್ತಿದೆ, ವೋಲ್ಟೇಜ್ ನೋಡಬೇಕು ಎಂದು ಗಂಡ ಎರವಲು ತಂದದ್ದು.

ಕೊಟ್ಟುಬಿಡೋಣ ಎಂದು ಗಂಡನ ಟೂಲ್ಸ್ ಡಬ್ಬಿ ತೆರೆದಳು. ಮೀಟರ್ ಮೇಲೇ ಇತ್ತು. ಅದರ ಕೆಳಗೆ ಬಟ್ಟೆಯಲ್ಲಿ ಸುತ್ತಿದ್ದು ಏನೋ. ಬಿಚ್ಚಿದಳು.

ಬಿಳಿ ಎಲ್‌ಇಡಿ ದೀಪ. ಅದರ ಕುತ್ತಿಗೆಗೆ ದಾರದಲ್ಲಿ ಕಟ್ಟಿದ ಚೀಟಿ.

'ಗುರುವಾರ ಬೆಳಿಗ್ಗೆ ತೆಗೆದೆ. ಬ್ಯಾಟರಿಯಲ್ಲಿ 12.6 ವೋಲ್ಟ್, ದೀಪದ ಹತ್ತಿರ 9. ಹೊಸ ಅರ್ಥ್ ವೈರ್ ಮೇಲೆ ಅನುಮಾನ, ದೀಪ ಸರಿ ಇದೆ. ಭಾನುವಾರ ನೋಡಬೇಕು. ಹಳೇ ಬಲ್ಬು, ಹಳೇ ವೈರು ಹಾಕಿದೆ.'

ಅವಳು ನೆಲದ ಮೇಲೆ ಕುಳಿತಳು. ಲಿಫ್ಟಿನ ಕೆಲಸದಲ್ಲಿ ಅವನು ಕಲಿತ ರೂಢಿ ಅದು. ಅನುಮಾನದ ಭಾಗವನ್ನು ಒಂದು ದಿನವೂ ಯಂತ್ರದಲ್ಲಿ ಬಿಡುವಂತಿಲ್ಲ. ತೆಗೆದು, ಚೀಟಿ ಕಟ್ಟಿ, ಹಳೆಯದನ್ನೇ ಹಾಕಬೇಕು. ಒಮ್ಮೆ ಅವಳ ಕೊಡೆಗೂ ಕಟ್ಟಿದ್ದ: 'ಕಡ್ಡಿ ನಂಬಬೇಡ.'

* * *

"ಡ್ರೈವರ್ ಹೇಳಿಕೆ ಇನ್ನೊಂದ್ಸಲ ಓದಿ ಸರ್."

"ಕೇಳಿ ಏನ್ ಮಾಡ್ತೀರಮ್ಮ? ಸಂಕಟ ಅಷ್ಟೇ," ಎಂದರು ಇನ್ಸ್‌ಪೆಕ್ಟರ್.

"ಓದಿ."

ಅವರು ಫೈಲ್ ಬಿಡಿಸಿದರು. "'ಬಿಳಿ ಬೆಳಕು ಮಿಂಚಿನ ಹಾಗೆ ಮಿಣುಕಿ ಕಣ್ಣಿಗೆ ಹೊಡೆಯಿತು. ಏನೂ ಕಾಣದೆ ವ್ಯಾನು ಆಚೆ ಪಕ್ಕಕ್ಕೆ ಹೋಯಿತು.'"

ಅವಳು ಬಟ್ಟೆಯ ಗಂಟನ್ನು ಮೇಜಿನ ಮೇಲಿಟ್ಟಳು. ಅವರು ಚೀಟಿಯನ್ನು ಎರಡು ಸಲ ಓದಿದರು.

"ಚೀಟಿ ಯಾರ್ ಬೇಕಾದ್ರೂ ಬರೀಬಹುದು. ನೀವೂ ಬರೀಬಹುದು."

"ಅದಕ್ಕೇ ಬೈಕ್ ನೋಡ್ಬೇಕು."

ಠಾಣೆಯ ಹಿಂದೆ, ಟಾರ್ಪಾಲಿನ ಕೆಳಗೆ ಬೈಕು ಬಿದ್ದಿತ್ತು. ಹೆಡ್‌ಲೈಟಿನ ಗಾಜು ಪುಡಿಪುಡಿ. ಹಿಂದಿನ ರಬ್ಬರ್ ಮುಚ್ಚಳ ಮಾತ್ರ ಹಾಕಿದ ಹಾಗೇ ಇತ್ತು. ಕಾನ್‌ಸ್ಟೇಬಲ್ ಕಿತ್ತು ತೆಗೆದ. ಒಳಗಿಂದ ಬಂದದ್ದು ಹಳದಿ ಬೆಳಕಿನ ಹಳೇ ಬಲ್ಬು. ಅದರ ಗಾಜಿಗೆ ಬಿರುಕೂ ಬಿಟ್ಟಿರಲಿಲ್ಲ.

"ಸರಿ, ಹಳೇದೇ. ಆದ್ರೆ ಉರೀತಿತ್ತು ಅಂತ ಏನ್ ಗ್ಯಾರಂಟಿ? ಲೈಟಿಲ್ದೆ ಬಂದಿದ್ರೆ ತಪ್ಪು ಇನ್ನೂ ದೊಡ್ಡದು."

ದಾರಿಯುದ್ದಕ್ಕೂ ಅವಳನ್ನು ಕೊರೆದ ಪ್ರಶ್ನೆಯೂ ಅದೇ. ಬಲ್ಬನ್ನು ಬಿಸಿಲಿಗೆ ಹಿಡಿದಳು. ಒಳಗೆ ಎರಡು ತಂತಿ. ಒಂದು ಹೊಸ ಸ್ಪ್ರಿಂಗಿನಂತೆ ಬಿಗಿಯಾಗಿತ್ತು. ಇನ್ನೊಂದು ಹಿಂಜಿದ ದಾರದಂತೆ ಜೋಲುಬಿದ್ದಿತ್ತು.

"ತಣ್ಣಗಿರೋ ತಂತಿ ಗಡುಸು ಸರ್. ಪೆಟ್ಟು ಬಿದ್ರೆ ಮುರಿಯುತ್ತೆ, ಇಲ್ಲ ಹಾಗೇ ಇರುತ್ತೆ. ಕಾದು ಉರಿಯೋ ತಂತಿ ಮೆತ್ತಗಿರುತ್ತೆ. ಗುದ್ದಿದ ಕ್ಷಣ ಹಿಗ್ಗಿಬಿಡುತ್ತೆ. ಇದು ಉರೀತಿತ್ತು."

"ಇನ್ನೊಂದು ನೆಟ್ಟಗಿದೆಯಲ್ಲ?"

"ಅದು ಹೈ ಬೀಮ್. ಕೆಳಗೆ ಪುಟ್ಟ ಲೋಹದ ಬಟ್ಟಲು ಇದೆಯಲ್ಲ, ಅದರ ಮೇಲಿರೋದು ಡಿಮ್. ಹಿಗ್ಗಿರೋದು ಅದೇ. ಅವರು ಡಿಮ್ ಹಾಕ್ಕೊಂಡೇ ಬರ್ತಿದ್ರು."

ಇನ್ಸ್‌ಪೆಕ್ಟರ್ ಬಲ್ಬನ್ನು ಈಸಿಕೊಂಡು ತಾವೂ ಬಿಸಿಲಿಗೆ ಹಿಡಿದರು.

"ಏನ್ ಓದಿದೀರಿ?"

"ಎಂಎಸ್ಸಿ, ಭೌತಶಾಸ್ತ್ರ."

"ನಮ್ಮೋರು ಮುಚ್ಚಳಾನೂ ತೆಗ್ದಿರ್ಲಿಲ್ಲ," ಎಂದು ಅವರು ಕಾನ್‌ಸ್ಟೇಬಲ್ ಕಡೆ ನೋಡಿದರು. ಅವನು ಟಾರ್ಪಾಲು ಮಡಚುವುದರಲ್ಲಿ ಮುಳುಗಿಹೋದ.

* * *

ಕಂಪನಿಯ ಶೆಡ್ಡಿನಲ್ಲಿ ಸ್ಟೆಪ್ನಿ ಅಣ್ಣ ವ್ಯಾನಿನ ಬಾನೆಟ್ ಒರೆಸುತ್ತಿದ್ದ.

"ಬಾ ತಂಗಿ. ಹೇಳಿಕಳಿಸಿದ್ರೆ ನಾನೇ ಬರ್ತಿದ್ನಲ್ಲ."

ಹಿಂದೆ ಇನ್ಸ್‌ಪೆಕ್ಟರ್ ಕಂಡರು. ಬಟ್ಟೆ ಹಿಡಿದ ಕೈ ನಿಂತಿತು.

"ಅವತ್ತು ಬೆಳಕು ಯಾವ ಬಣ್ಣ?"

"ಬಿಳಿ ಸಾರ್. ಹೇಳಿದ್ನಲ್ಲ, ಮಿಣುಕ್ತಿತ್ತು."

"ನೀನೇ ನೋಡಿದ್ಯಾ?"

"ಕಣ್ಣಾರೆ ಸಾರ್."

ಅವಳು ಬಿಳಿ ದೀಪವನ್ನು ಬಾನೆಟ್ ಮೇಲಿಟ್ಟಳು. "ಇದು ಅವತ್ತು ಬೆಳಿಗ್ಗೆಯಿಂದ ಮನೇಲೇ ಇತ್ತು ಅಣ್ಣ."

ಅವನು ಚೀಟಿ ನೋಡಿದ. ಆ ಕೈಬರಹ ಯಾರದೆಂದು ಅವನಿಗೆ ಹೇಳಬೇಕಾಗಿರಲಿಲ್ಲ. ಶೆಡ್ಡಿನ ಕಪಾಟಿನಲ್ಲಿ ಅಂಥವು ಇಪ್ಪತ್ತು ತೂಗುತ್ತಿದ್ದವು.

"ನೋಡಿದೋನಾಗಿದ್ರೆ ಹಳದಿ ಅಂತಿದ್ದೆ," ಎಂದರು ಇನ್ಸ್‌ಪೆಕ್ಟರ್. "ಮೀಟರ್ ಕೊಡೋವಾಗ ಅವನ ಬಾಯಿಂದ ಕೇಳಿದ್ದನ್ನ ಕಂಡೆ ಅಂತ ಬರೆಸಿದೆ. ಬಿಳಿ, ಮಿಣುಕು. ರಿಪೇರಿ ಆಗೋವರೆಗೂ ಅವನು ಅದನ್ನ ತೆಗೆದಿಟ್ಟಿರ್ತಾನೆ ಅಂತ ನಿನಗೆ ಹೊಳೀಲೇ ಇಲ್ಲ. ಎದುರಿಗಿದ್ದದ್ದು ಡಿಮ್ ಹಾಕಿದ ಮಂಕು ಬಲ್ಬು. ಅದು ಯಾರ ಕಣ್ಣನ್ನೂ ಕುಕ್ಕಲ್ಲ. ಈಗ ಹೇಳು, ವ್ಯಾನ್ ಆಚೆ ಪಕ್ಕಕ್ಕೆ ಯಾಕೆ ಹೋಯ್ತು?"

ಸ್ಟೆಪ್ನಿ ಅಣ್ಣ ಹಳೇ ಟೈರಿನ ಮೇಲೆ ಕುಸಿದ.

"ಮುಂದೆ ಟ್ಯಾಂಕರ್ ಇತ್ತು. ತಿರುವಿನಲ್ಲಿ ಓವರ್‌ಟೇಕ್ ಮಾಡೋಕ್ ಹೋದೆ. ಎದುರು ಬೈಕಿನೋನು ಹಾರ್ನ್ ಹೊಡೆದ. ಇಳಿದು ನೋಡಿದ ಮೇಲೇ ಗೊತ್ತಾಗಿದ್ದು, ಅವನೇ ಅಂತ."

"ಉಸಿರಿತ್ತಾ?" ಅವಳು ಕೇಳಿದಳು.

ಅವನು ಹೌದೆಂದು ತಲೆಯಾಡಿಸಿದ.

"ಮೊದಲು ಯಾರಿಗೆ ಫೋನ್ ಮಾಡಿದ್ರಿ?"

"ಮಾಲೀಕರಿಗೆ."

ಇನ್ಸ್‌ಪೆಕ್ಟರ್ ಅವನ ತೋಳಿಗೆ ಕೈ ಹಾಕಿದರು.

"ಒಂದು ನಿಮಿಷ ಸರ್."

ಅವಳು ಚೀಲದಿಂದ ಮಲ್ಟಿಮೀಟರ್ ತೆಗೆದಳು. ಅದರ ತಿರುಗುವ ಗುಂಡಿ ಗಂಡ ಇಟ್ಟಂತೆ ವೋಲ್ಟಿನಲ್ಲೇ ನಿಂತಿತ್ತು. ಅವಳು ಅದನ್ನು ಆಫ್‌ಗೆ ತಿರುಗಿಸಿದಳು. ಕೆಂಪು, ಕಪ್ಪು ವೈರುಗಳನ್ನು ಗಂಡ ಸುತ್ತುತ್ತಿದ್ದ ಹಾಗೇ ಸುತ್ತಿದಳು.

"ಇರ್ಲಿ ಬಿಡು ತಂಗಿ," ಎಂದ ಸ್ಟೆಪ್ನಿ ಅಣ್ಣ, ತಲೆ ಎತ್ತದೆ.

"ಇಲ್ಲ. ಭಾನುವಾರ ಕೆಲಸ ಮುಗಿಸಿ ಕೊಡ್ತೀನಿ ಅಂದಿದ್ರು."

ಅವನು ಕೈ ಚಾಚಲಿಲ್ಲ. ಅವಳು ಅದನ್ನು ಅವನ ತೊಡೆಯ ಮೇಲಿಟ್ಟಳು.