ಕಲ್ಲುಕೊಪ್ಪಲಿನ ಸೊಟ್ಟ ಗೆರೆ

"ಮೇಡಂ, ನನ್ನ ಕೆಲಸ ನನ್ನದೇ ಅಂತ ತೋರಿಸ್ಕೊಡಿ. ಇನ್ನು ಮೂರೇ ದಿನ ಇರೋದು," ಎಂದ ಮಧುಕುಮಾರ್.

ಅದು ೨೦೦೪ರ ಜನವರಿ. ದ್ರಾಕ್ಷಾಯಣಿ ಮೇಡಂ ಬೇಲೂರಿನ ಸರ್ವೆ ಕಚೇರಿಯಲ್ಲಿ ಮೂವತ್ತು ವರ್ಷ ನಕ್ಷೆ ಬರೆದು ನಿವೃತ್ತರಾಗಿದ್ದರು. ಅಷ್ಟೂ ವರ್ಷ ಅಳತೆಯ ಸರಪಳಿ ಹಿಡಿದು ಅವರ ಹಿಂದೆ ನಡೆದವನು ನಾನು, ಮರಿಯಣ್ಣ. ಕಳುವಾದ ಹಸುವಿನಿಂದ ಹಿಡಿದು ಕಾಣೆಯಾದ ಉಯಿಲಿನವರೆಗೆ ಏನೇ ಆದರೂ ಊರಿನವರು ಮೊದಲು ಬರುತ್ತಿದ್ದದ್ದು ಅವರ ಬಾಗಿಲಿಗೆ. ಅವರು ಸೋತದ್ದನ್ನು ನಾನು ಕಂಡಿರಲಿಲ್ಲ.

ಮಧು ಹಳೇಬೀಡಿನ ಒಂದು ಕಂಪ್ಯೂಟರ್ ಸೆಂಟರಿನಲ್ಲಿ ಪಾಠ ಹೇಳುತ್ತಿದ್ದ. ಸಂಜೆ ಅಲ್ಲೇ ಕೂತು, ಹಳ್ಳಿಯ ಕೆರೆ, ಬಾವಿ, ದಾರಿಗಳನ್ನು ನಕ್ಷೆಗೆ ಇಳಿಸುವ ತಂತ್ರಾಂಶವೊಂದನ್ನು ಎರಡು ವರ್ಷದಿಂದ ಬರೆಯುತ್ತಿದ್ದ. ಅದನ್ನು ಯಾರು ಬೇಕಾದರೂ ಬಳಸಬಹುದು, ಒಳಗಿನದನ್ನು ಬಿಚ್ಚಿ ನೋಡಿ ತಿದ್ದಬಹುದು. ಮುಗಿಸಲು ಒಂದು ವರ್ಷದ ಧನಸಹಾಯ ಕೇಳಿ ಬೆಂಗಳೂರಿನ ಟ್ರಸ್ಟೊಂದಕ್ಕೆ ಅರ್ಜಿ ಹಾಕಿದ್ದ.

"ಪುಕ್ಕಟೆ ಹಂಚೋದಕ್ಕೆ ದುಡ್ಡು ಯಾಕಪ್ಪಾ?" ಎಂದು ನಾನು ಕಾಲೆಳೆದೆ.

"ಹಂಚೋದು ಪುಕ್ಕಟೆ ಮರಿಯಣ್ಣ. ಮಾಡೋದು ಅಲ್ವಲ್ಲ."

ಫಜೀತಿ ಏನೆಂದರೆ, ಅದೇ ತಂತ್ರಾಂಶ, ಅದೇ ಮಾದರಿ ನಕ್ಷೆ ಇಟ್ಟು ಸೆಂಟರಿನ ಮಾಲೀಕ ಚೇತನ್‌ಕುಮಾರನೂ ಅರ್ಜಿ ಹಾಕಿದ್ದ. ಮಧು ಬರೆದದ್ದೆಲ್ಲ ಚೇತನನ ಕಂಪ್ಯೂಟರಿನಲ್ಲೇ. ಕಡತಗಳ ತಾರೀಖು ತಿದ್ದುವುದು ಒಂದು ನಿಮಿಷದ ಕೆಲಸವಂತೆ. ವಿಚಾರಿಸಲು ಟ್ರಸ್ಟಿನ ಗುರುಸಿದ್ದಮ್ಮ ಶನಿವಾರ ಬರುವವರಿದ್ದರು. ಇಂಥ ಕೆಲಸಕ್ಕೆ ಆ ಟ್ರಸ್ಟು ಹಣ ಕೊಡುವುದು ಅದೇ ಕೊನೆಯ ವರ್ಷ. ಈ ಸಲ ತಪ್ಪಿದರೆ ಮಧುವಿನ ಕೆಲಸ ಅಲ್ಲಿಗೇ ನಿಲ್ಲುತ್ತಿತ್ತು.

ನಿಜ ಹೇಳಬೇಕೆಂದರೆ, ನನಗೆ ಅನುಮಾನ ಬಂದದ್ದು ಮಧುವಿನ ಮೇಲೆ. ಚೇತನ್ ಇಂಜಿನಿಯರಿಂಗ್ ಓದಿದವನು, ಇವನು ಬರೀ ಐಟಿಐ. ಮರುದಿನ ಸೆಂಟರಿಗೆ ಹೋದಾಗ ಚೇತನ್ ಕಾಫಿ ತರಿಸಿ, ಕೇಳುವ ಮೊದಲೇ ನಕ್ಷೆಯನ್ನು ಪ್ರಿಂಟ್ ತೆಗೆದುಕೊಟ್ಟ.

"ಇದು ನಮ್ಮೂರು, ಕಲ್ಲುಕೊಪ್ಪಲು. ಜಿಪಿಎಸ್ ಕೈಲಿ ಹಿಡ್ಕೊಂಡು ಇಡೀ ಊರು ನಾನೇ ನಡೆದಿದೀನಿ. ನಡೆದ ಕಡೆಯೆಲ್ಲ ಚುಕ್ಕೆ ಬೀಳುತ್ತೆ ಮೇಡಂ," ಎಂದ.

ಚುಕ್ಕೆಗಳ ಸಾಲು ಕೆರೆ ಏರಿಯಿಂದ ನೇರ ಬಂದು, ದೊಡ್ಡಬೀದಿಯ ಮೊದಲ ಮನೆಗೆ ಮುಂಚೆ ಎಡಕ್ಕೆ ಹೊರಳಿ, ಬಣವೆ, ತಿಪ್ಪೆಗಳ ಹಿಂದೆ ಸುತ್ತಿ, ಚಾವಡಿ ದಾಟಿದ ಮೇಲೆ ಮತ್ತೆ ರಸ್ತೆಗೆ ಕೂಡಿತ್ತು. ಬೀದಿಯ ಮೇಲೆ ಒಂದು ಚುಕ್ಕೆಯೂ ಇರಲಿಲ್ಲ. ಎರಡು ತುದಿ ಸೇರಿಸಿದ ಬರೀ ಗೆರೆ.

"ಯಂತ್ರ ಎಡವಿದೆ," ಎಂದೆ. ಮೇಡಂ ನಕ್ಷೆಯನ್ನು ಮಡಿಸಿ ಚೀಲಕ್ಕೆ ಹಾಕಿಕೊಂಡರು.

ಮಧ್ಯಾಹ್ನ ಮಧುವನ್ನೂ ಕರೆದುಕೊಂಡು ಮಾದಿಹಳ್ಳಿಗೆ ಬಸ್ಸು ಹತ್ತಿ, ಅಲ್ಲಿಂದ ಕಲ್ಲುಕೊಪ್ಪಲಿಗೆ ನಡೆದೆವು. ಮಧುವಿನದೂ ಅದೇ ಊರು. ಮನೆ ಆಚೆ ತುದಿಯ ಕೇರಿಯಲ್ಲಿ. ಏರಿ ಇಳಿದದ್ದೇ ಅವನು, "ನೀವು ನಡೀರಿ, ನಾನು ಆ ಕಡೆಯಿಂದ ಬತ್ತೀನಿ," ಎಂದ. ಏನೋ ಕೆಲಸವಿರಬೇಕು ಅಂದುಕೊಂಡು ನಾನು ಬೀದಿಯಲ್ಲೇ ನಡೆದೆ. ನಾವು ಚಾವಡಿ ದಾಟುವ ಹೊತ್ತಿಗೆ ಅವನು ಅಲ್ಲಿ ಕಾಯುತ್ತಿದ್ದ, ಪ್ಯಾಂಟಿಗೆ ಹುಲ್ಲಿನ ಎಸಳು ಅಂಟಿತ್ತು. ಮೇಡಂ ಆ ಎಸಳನ್ನೇ ನೋಡುತ್ತಾ ನಿಂತರು.

ಶನಿವಾರ ಎಲ್ಲರೂ ಸೆಂಟರಿನಲ್ಲಿ ಸೇರಿದೆವು. ಮಗನಿಗೆ ಬಲವಾಗಿ ಚೇತನನ ಅಪ್ಪ ಕೆಂಚಪ್ಪನೂ ಬಂದಿದ್ದ. ಮೇಡಂ ಅವನನ್ನೇ ಮೊದಲು ಕೇಳಿದರು.

"ಯಜಮಾನ್ರೇ, ನಿಮ್ಮ ಮಗ ಕೆರೆ ಏರಿಯಿಂದ ಮನೆಗೆ ಹೇಗೆ ಬರ್ತಾರೆ?"

"ಬೀದೀಲೇ ಬತ್ತಾನೆ. ಮೊದಲ್ನೇ ಮನೇನೇ ನಮ್ದು."

"ತಿಪ್ಪೆ ಹಿಂದಿನಿಂದ ಬರಲ್ವೇ?"

"ನಮ್ಮುಡ್ಗ ಅಲ್ಯಾಕೆ ಹೋಯ್ತಾನೆ? ಅದು ಕೇರಿಯೋರು ಓಡಾಡೋ ದಾರಿ!"

ಚೇತನ್ ಅಪ್ಪನ ತೋಳು ಹಿಡಿದ. ಅಷ್ಟರಲ್ಲಿ ಮಾತು ಬಾಯಿಂದ ಬಿದ್ದಾಗಿತ್ತು.

ಮೇಡಂ ನಕ್ಷೆಯನ್ನು ಮೇಜಿನ ಮೇಲೆ ಹರಡಿದರು. "ಯಂತ್ರ ಎಡವಿದ್ದರೆ ಚುಕ್ಕೆಗಳು ಅಡ್ಡಾದಿಡ್ಡಿ ಬೀಳುತ್ತಿದ್ದವು. ಇಲ್ಲಿ ಹತ್ತು ಹೆಜ್ಜೆಗೊಂದರಂತೆ ಸಾಲಾಗಿವೆ. ಅಂದರೆ ನಡೆದವರು ಬೇಕಂತಲೇ ಸುತ್ತಿದ್ದಾರೆ. ಊರೆಲ್ಲ ನಡೆದವರು ತಮ್ಮ ಮನೆ ಬೀದಿಯೊಂದನ್ನೇ ಬಿಡೋದಿಲ್ಲ. ಮೊನ್ನೆ ಮಧು ಬಂದದ್ದು ಇದೇ ದಾರಿಯಲ್ಲಿ. ಈ ಹೆಜ್ಜೆ ಚೇತನ್ ಅವರದಲ್ಲ, ಮಧುವಿನದು. ನಕ್ಷೆ ಅವನದು, ಕೆಲಸವೂ ಅವನದು."

ನನಗೆ ನನ್ನ ಮೇಲೇ ಹೇಸಿಗೆಯಾಯಿತು. ಮೂವತ್ತು ವರ್ಷ ಊರೂರು ಅಳೆದವನು ನಾನು. ಎಲ್ಲ ಬೀದಿಯಲ್ಲೂ ನನ್ನನ್ನು ನೇರ ಬಿಡುತ್ತಿದ್ದರಿಂದ, ಕಣ್ಣೆದುರು ಹೊರಳಿದವನನ್ನು ನೋಡಿಯೂ ಏನೋ ಕೆಲಸ ಅಂದುಕೊಂಡಿದ್ದೆ.

ಚೇತನ್ ಎದ್ದು ನಿಂತ. "ನಮ್ಮಪ್ಪನ ಮಾತು ಯಾವ ಸಾಕ್ಷಿ? ನಾನೇ ಹಾಗೆ ನಡೆದೆ ಅಂತೀನಿ. ಬೇಕಿದ್ರೆ ಕೋರ್ಟಿಗೆ ಹೋಗ್ಲಿ."

ಗುರುಸಿದ್ದಮ್ಮ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. "ನನಗೆ ಅರ್ಥ ಆಯ್ತು ಮಧು. ಆದ್ರೆ ಒಬ್ಬರು ಒಪ್ಪದೆ ಹೋದ್ರೆ ಅದು ವಿವಾದ. ವಿವಾದ ಇದ್ರೆ ಎರಡೂ ಅರ್ಜಿ ಬೀಳುತ್ತೆ, ಅದು ನಿಯಮ. ಸೋಮವಾರ ಪಟ್ಟಿ ಮುಚ್ಚುತ್ತೆ. ನನ್ನ ಕೈಲಿ ಏನೂ ಇಲ್ಲ." ಎರಡೂ ಫೈಲುಗಳನ್ನು ಒಂದೇ ಚೀಲಕ್ಕೆ ತುರುಕಿಕೊಂಡು ಹೊರಟರು. ತಪ್ಪು ಮಾಡಿದವನು ಯಾರೆಂದು ಕೋಣೆಯಲ್ಲಿದ್ದ ಎಲ್ಲರಿಗೂ ಗೊತ್ತಿತ್ತು, ಯಾರಿಂದಲೂ ಏನೂ ಮಾಡಲಾಗಲಿಲ್ಲ.

ಮಧು ಬಸ್‌ಸ್ಟ್ಯಾಂಡಿನವರೆಗೂ ನಮ್ಮ ಜೊತೆ ಬಂದ. ಬೇಲೂರಿನ ಬಸ್ಸು ಬಂದು ನಿಂತ ಮೇಲೆ ಮೇಡಂ ಕಡೆ ತಿರುಗಿದ.

"ಎರಡು ವರ್ಷ ದಿನಾ ಆ ನಕ್ಷೆ ನೋಡಿದೀನಿ ಮೇಡಂ. ನಾನು ಹೊರಳಿರೋದು ನನಗೇ ಕಂಡಿರ್ಲಿಲ್ಲ. ಅದು ನನ್ನದು ಅಂತ ತೋರ್ಸೋಕೆ ನಿಮಗೆ ಬೇರೆ ಏನೂ ಸಿಗ್ಲಿಲ್ವಾ?"

ಮೇಡಂ ಬಸ್ಸಿನ ಮೆಟ್ಟಿಲ ಮೇಲಿಟ್ಟ ಕಾಲನ್ನು ಹಿಂದಕ್ಕೆ ತೆಗೆದರು.

"ಇಲ್ಲ ಕಣೋ," ಎಂದರು.