ಮೂಲಂಗಿ ಮೇಷ್ಟ್ರ ನಿಲುವಂಗಿ

ಬೆಳಗ್ಗೆ ಎಂಟಕ್ಕೆ ಹೊಲಿಗೆ ಕೋಣೆಯ ಬಾಗಿಲು ತೆಗೆದರೆ, ಮೂಲಂಗಿ ಮೇಷ್ಟ್ರು ನನ್ನ ಕುರ್ಚಿಯಲ್ಲಿ ಕೂತಿದ್ದರು.

ತೊಡೆಯ ಮೇಲೆ ಕೆಟಲ್. ಮೈಮೇಲೆ ನಾನೇ ಹೊಲಿದ ನಿಲುವಂಗಿ. ಹೆಗಲ ಮೇಲೆ ದೊಡ್ಡ ಬಿಳಿ ಮೂಲಂಗಿ ತಲೆ, ಅದರ ತುಂಬ ಬಣ್ಣದಲ್ಲಿ ಬರೆದ ನಗು. ನನಗೆ ಸಿಟ್ಟು ನೆತ್ತಿಗೇರಿತು.

"ಯಾರ್ರೀ ಅದು? ನಿನ್ನೆ ತಾನೆ ಇಸ್ತ್ರಿ ಮಾಡಿಟ್ಟಿದ್ದು. ಬಿಚ್ಚಿ ಮೊದ್ಲು!"

ಹತ್ತಿರ ಹೋಗಿ ಭುಜ ಅಲ್ಲಾಡಿಸಿದೆ. ಸ್ಪ್ರಿಂಗಿಗೆ ಸಿಕ್ಕಿಸಿದ ಮೂಲಂಗಿ ಸೊಪ್ಪು ಹೌದು, ಹೌದು ಎನ್ನುವಂತೆ ಆಡಿತು. ಕೈ ಮುಟ್ಟಿ ನೋಡಿದೆ. ತಣ್ಣಗೆ ಕೊರೆಯುತ್ತಿತ್ತು. ಕಿರುಚಿಕೊಂಡೆ.

ಕೂಗು ಕೇಳಿ ಓಡಿಬಂದ ಕಾವಲುಗಾರ ಆ ತಲೆಯನ್ನು ಎತ್ತಿ ತೆಗೆದ. ಒಳಗಿದ್ದದ್ದು ನಮ್ಮ ನಾಟಕ ತಂಡದ ನಿರ್ದೇಶಕರ ಮುಖ. ತುಟಿ ನೀಲಿಗಟ್ಟಿತ್ತು.

ಮೂಲಂಗಿ ಮೇಷ್ಟ್ರು ಯಾರು ಅಂತ ಹೇಳಿಬಿಡುತ್ತೇನೆ. ಜಪಾನಿನ ಒಂದು ತಲೆಹರಟೆ ಕಾಮಿಕ್ಸಿನ ನಾಯಕ. ಸದಾ ಕೆಟಲ್ ಹಿಡಿದು ಕೊಡೆಗಳಿಗೆ ಪಾಠ ಹೇಳುತ್ತಾನೆ, ಬಾರದ ಕೊಡೆಗಳ ಹಾಜರಿ ಕೂಗುತ್ತಾನೆ, ದೀಪದ ಕಂಬಕ್ಕೆ ನಮಸ್ಕಾರ ಮಾಡಿ ಉತ್ತರಕ್ಕೆ ಕಾಯುತ್ತಾನೆ. ತಲೆಬುಡವಿಲ್ಲ. ಆದರೂ ಓದಿದವರು ಬಿದ್ದು ಬಿದ್ದು ನಗುತ್ತಾರೆ. ಟಿವಿಯಲ್ಲಿ ಕಾರ್ಟೂನ್ ಆದಾಗ ಅವರು ಮೇಷ್ಟ್ರಿಗೆ ಕೋಟು ತೊಡಿಸಿದ್ದರು. ನಾವು ಮಾಡುತ್ತಿದ್ದದ್ದು ನಾಟಕ. ನಿರ್ದೇಶಕರಿಗೆ ಕೋಟು ಬೇಡ, ಪುಸ್ತಕದಲ್ಲಿರುವ ಕಿಮೊನೊ ನಿಲುವಂಗಿಯೇ ಆಗಬೇಕು. ಅಂಗಡಿಯಲ್ಲಿ ಸಿಗುವ ಅನುವಾದದ ಪುಸ್ತಕ ಮುಂದಿಟ್ಟುಕೊಂಡು, ಚಿತ್ರ ನೋಡಿ ನೋಡಿ ಮೇಷ್ಟ್ರಿಗೂ ಮಿಕ್ಕ ಪಾತ್ರಗಳಿಗೂ ಸೇರಿ ಹನ್ನೆರಡು ಹೊಲಿದೆ. ಮುಗಿದದ್ದು ಹಿಂದಿನ ದಿನ ಸಂಜೆ.

ಮೂಲಂಗಿ ತಲೆ ಮಾಡಿದವನು ನನ್ನ ತಮ್ಮ.

*

ಇನ್‌ಸ್ಪೆಕ್ಟರ್ ಕಡಿಮೆ ಮಾತಿನ ಮನುಷ್ಯ. ಮೂಲಂಗಿಯನ್ನು ಮೇಜಿನ ಮೇಲಿಟ್ಟು ಸೊಪ್ಪಿನ ಬುಡವನ್ನು ಬೆರಳಲ್ಲಿ ತಡವಿದರು. ಅಲ್ಲಿ ಗಾಳಿಗೆಂದು ಆರು ತೂತು. ಆರಕ್ಕೂ ಸ್ಪಂಜು ತುರುಕಿತ್ತು.

"ಉಸಿರು ಕಟ್ಟಿ ಸತ್ತಿದಾರೆ. ಸ್ಪಂಜು ಯಾರ್ದು?"

"ನಂದೇ ಸಾರ್," ಎಂದ ತಮ್ಮ. "ತಲೆ ಒಳಗೆ ಮೆತ್ತಗಿರ್ಲಿ ಅಂತ ಅಂಟಿಸ್ತೀನಿ. ಆದ್ರೆ ತೂತು ನಾನು ಮುಚ್ಚಿಲ್ಲ."

"ನಿನ್ನೆ ಜಗಳ ಆಗಿತ್ತಂತೆ?"

ಆಗಿತ್ತು. ಇಡೀ ತಂಡ ಕೇಳಿಸಿಕೊಂಡಿತ್ತು. ಇದನ್ನ ಹಾಕ್ಕೊಂಡ್ರೆ ಜೀವ ಹೋಗುತ್ತೆ ಕಣೋ ಅಂತ ನಿರ್ದೇಶಕರು ರೇಗಿದ್ದರು. ಹಾಗಾದ್ರೆ ನೀವೇ ಹಾಕ್ಕೊಂಡು ಕೂತ್ಕೊಳ್ಳಿ, ಹೋಗುತ್ತೋ ಇಲ್ವೋ ನೋಡೇಬಿಡೋಣ ಅಂತ ಇವನು ಕಿರುಚಿದ್ದ. ಮೂಗಿನ ತುದಿಯಲ್ಲೇ ಕೋಪ, ಚಿಕ್ಕಂದಿನಿಂದಲೂ.

ಮೇಷ್ಟ್ರ ಪಾತ್ರದ ನಟನನ್ನೂ ವಿಚಾರಿಸಿದರು. ನಿಲುವಂಗಿ ಅವನದು, ನಿರ್ದೇಶಕರ ಮೇಲೆ ಅವನಿಗೂ ಮುನಿಸಿತ್ತು. ಆದರೆ ಸಂಜೆಯೆಲ್ಲ ಹಲ್ಲಿನ ಡಾಕ್ಟರ ಹತ್ತಿರ ಬಾಯಿ ತೆರೆದುಕೊಂಡು ಕೂತಿದ್ದ. ಊದಿದ ಕೆನ್ನೆಯೇ ಸಾಕ್ಷಿ.

ತಮ್ಮನಿಗೆ ಅಂಥ ಸಾಕ್ಷಿ ಇರಲಿಲ್ಲ. ಒಬ್ಬನೇ ಊರು ಸುತ್ತಿ ಬಂದು, ಊಟ ಮಾಡದೆ ಗೋಡೆ ಕಡೆ ತಿರುಗಿ ಮಲಗಿದ್ದ. ಅದನ್ನು ಕಂಡವಳು ನಾನೊಬ್ಬಳೇ. ಪೊಲೀಸರು ಅವನನ್ನು ಜೀಪಿಗೆ ಹತ್ತಿಸುವಾಗ ನನ್ನ ಬಾಯಿ ಕಟ್ಟಿಹೋಗಿತ್ತು.

ಅನುವಾದಕಿ ಮೇಡಂ ಬಂದು ನನ್ನ ಕೈ ಹಿಡಿದುಕೊಂಡರು. ಅಂಗಡಿಯ ಪುಸ್ತಕ ಬೇರೆಯವರದು; ಮೂಲ ಪುಸ್ತಕ ಓದಿ ನಮ್ಮ ನಾಟಕಕ್ಕೆಂದು ಅನುವಾದಿಸಿದವರು, ಜಪಾನಿನವರಿಂದ ನಾಟಕಕ್ಕೆ ಒಪ್ಪಿಗೆ ಪತ್ರ ತರಿಸಿದವರು ಅವರೇ. ಬಗಲಲ್ಲಿ ಎಂದಿನಂತೆ ಹಳೆಯ ಜಪಾನಿ ಪ್ರತಿ.

"ಪಾಪ, ಬೇಕು ಅಂತ ಮಾಡಿರಲ್ಲ ಬಿಡಿ," ಎಂದರು.

ಆ ಸಮಾಧಾನದ ಮಾತು ಕೇಳಿ ಅತ್ತೆ. ಎಂಥ ಬೆಪ್ಪು ನಾನು!

*

ಮರುದಿನ ಬೆಳಗ್ಗೆ ಇನ್‌ಸ್ಪೆಕ್ಟರ್ ಒಂದು ಫೋಟೋ ಚಾಚಿದರು. ಕುರ್ಚಿಯಲ್ಲಿ ಹೆಣ.

"ಇದು ನೀವು ಹೊಲಿದಿದ್ದೇ ತಾನೆ? ಒಂದು ಸಹಿ ಹಾಕಿ."

ನೋಡಲು ಮನಸ್ಸಿರಲಿಲ್ಲ. ಆದರೂ ಕಣ್ಣು ಹೊಲಿಗೆಯ ಮೇಲೇ ಹೋಯಿತು.

"ಇದೇನ್ ಸಾರ್, ಲಾಡಿನ ಹೀಗೆ ಕಟ್ಟಿದಾರೆ?"

"ಹೇಗೆ ಕಟ್ಬೇಕಿತ್ತು?"

"ನನ್ನ ನಿಲುವಂಗೀಲಿ ಬಲಭಾಗ ಮೇಲೆ ಬರುತ್ತೆ, ಎಡದ್ದು ಒಳಗೆ. ಲಾಡಿ ಹಾಗೇ ಹೊಲ್ದಿದೀನಿ. ಇಲ್ಲಿ ನೋಡಿ, ಎಡಭಾಗ ಮೇಲಿದೆ. ಲಾಡಿಗೆ ಲಾಡಿ ಸಿಕ್ಕಿಲ್ಲ. ಎಳೆದಾಡಿ ಸೊಂಟದ ಪಟ್ಟಿಗೆ ಗಂಟು ಹಾಕಿದಾರೆ."

"ಅವಸರದಲ್ಲಿ ಹಾಕ್ಕೊಂಡಿರ್ಬೇಕು."

"ಅವಸರದಲ್ಲಿರೋರು ಲಾಡಿ ಸಿಕ್ಕಿದ ಕಡೆ ಕಟ್ತಾರೆ ಸಾರ್. ಸಿಗದ ಕಡೆ ಯಾಕೆ ಒದ್ದಾಡ್ತಾರೆ?"

ಅವರು ಪೆನ್ನು ಜೇಬಿಗೆ ಹಾಕಿಕೊಂಡರು.

ಕೋಣೆಗೆ ಬಂದು ಕಾಮಿಕ್ಸ್ ಬಿಚ್ಚಿದೆ. ಪ್ರತಿ ಚಿತ್ರದಲ್ಲೂ ಬಲ ಮೇಲೆ. ನನ್ನ ತಪ್ಪಿಲ್ಲ. ಹಾಳೆ ಮಗುಚುತ್ತಾ ಮೊದಲ ಪುಟಕ್ಕೆ ಹೋದೆ. ಅಲ್ಲಿ ಇರುವೆ ಸಾಲಿನಂಥ ಅಕ್ಷರದಲ್ಲಿ ಒಂದು ಸೂಚನೆ. ಜಪಾನಿನವರು ಪುಟವನ್ನು ಬಲದಿಂದ ಎಡಕ್ಕೆ ಓದುತ್ತಾರೆ. ಆದ್ದರಿಂದ ನಮ್ಮ ಓದುಗರ ಅನುಕೂಲಕ್ಕೆ ಎಲ್ಲ ಚಿತ್ರಗಳನ್ನೂ ಎಡಬಲ ಮಗುಚಿ ಅಚ್ಚು ಹಾಕಿದೆ.

ಒಂದು ಹಾಳೆ ಹರಿದು, ಹಿಂಬದಿ ನನ್ನ ಕಡೆ ತಿರುಗಿಸಿ, ಕಿಟಕಿಯ ಬೆಳಕಿಗೆ ಹಿಡಿದೆ. ಕಾಗದದೊಳಗಿಂದ ಮೂಲಂಗಿ ಮೇಷ್ಟ್ರು ನನ್ನನ್ನು ನೋಡಿ ನಗುತ್ತಿದ್ದರು. ಎಡ ಮೇಲೆ, ಬಲ ಒಳಗೆ. ಕುರ್ಚಿಯಲ್ಲಿದ್ದ ಹೆಣದಂತೆಯೇ.

ನಮ್ಮ ತಂಡದವರೆಲ್ಲ ನೋಡಿದ್ದು ಮಗುಚಿದ ಚಿತ್ರಗಳನ್ನೇ. ಮೂಲ ಪ್ರತಿ ಇದ್ದದ್ದು ಒಬ್ಬರ ಬಗಲಲ್ಲಿ. ಆ ಹಾಳೆ ಹಿಡಿದು ಇನ್‌ಸ್ಪೆಕ್ಟರ್ ಹತ್ತಿರ ಓಡಿದೆ.

*

ಮಧ್ಯಾಹ್ನ ಎಲ್ಲರನ್ನೂ ತಾಲೀಮಿನ ಹಾಲಿಗೆ ಕರೆಸಿದರು. ನಡುವೆ ಒಂದು ಕುರ್ಚಿ, ಅದರಲ್ಲಿ ನನ್ನ ಬಟ್ಟೆಯ ಬೊಂಬೆ. ಪಕ್ಕದಲ್ಲಿ ಇನ್ನೊಂದು ನಿಲುವಂಗಿ.

"ಅಲ್ಲಾಡದ ಮೈಗೆ ಇದನ್ನ ಉಡಿಸೋಕೆ ಎಷ್ಟು ಹೊತ್ತು ಬೇಕು ಅಂತ ತಿಳೀಬೇಕು," ಎಂದರು ಇನ್‌ಸ್ಪೆಕ್ಟರ್, ಗಡಿಯಾರ ಹಿಡಿದು. "ಒಬ್ಬೊಬ್ರೇ ಬನ್ನಿ. ಬೇಗ ಬೇಗ."

ನಟ ಉಡಿಸಿದ. ಬಲ ಮೇಲೆ. ಕಾವಲುಗಾರ ಲಾಡಿ ನೋಡಿಕೊಂಡು ತಡವರಿಸಿ ಉಡಿಸಿದ. ಬಲ ಮೇಲೆ.

ಮೇಡಂ ಬಂದರು. ಪುಸ್ತಕವನ್ನು ನೆಲದ ಮೇಲಿಟ್ಟರು. ಬೊಂಬೆಯ ತೋಳುಗಳನ್ನು ಎಷ್ಟು ನಾಜೂಕಾಗಿ ತೂರಿಸಿದರೆಂದರೆ, ಅದಕ್ಕೆ ನೋವಾದೀತೆಂದು ಹೆದರಿದಂತಿತ್ತು. ಬಲಭಾಗ ಒಳಗೆ ಎಳೆದರು. ಎಡಭಾಗ ಮೇಲೆ ತಂದರು. ಲಾಡಿ ಹುಡುಕಿದರು. ಸಿಗಲಿಲ್ಲ. ಬೆರಳುಗಳು ತಾವಾಗಿಯೇ ಸೊಂಟದ ಪಟ್ಟಿಗೆ ಹೋದವು, ಗಂಟು ಹಾಕಿದವು.

ಆಮೇಲೆ ತಮ್ಮ ಕೈಯನ್ನೇ ದಿಟ್ಟಿಸುತ್ತಾ ನಿಂತರು.

"ಬಲ ಮೇಲೆ ಬರೋ ಹಾಗೆ ಹೊಲಿದಿದೆ ಮೇಡಂ," ಎಂದೆ. "ಎಲ್ರೂ ಹಾಗೇ ಉಡಿಸಿದ್ರು."

"ಛೆ, ಹಾಗೆ ಉಡಿಸಬಾರದು!" ಅವರ ದನಿ ಏರಿತು. "ಅಲ್ಲಿ ಬದುಕಿರೋರು ಯಾರೂ ಹಾಗೆ ಉಡಲ್ಲ. ಬಲ ಮೇಲೆ ತರೋದು ಹೆಣಕ್ಕೆ ಮಾತ್ರ."

ಕಂಬಿಯಲ್ಲಿ ಸಾಲಾಗಿ ತೂಗುತ್ತಿದ್ದ ನಿಲುವಂಗಿಗಳ ಕಡೆ ಎಲ್ಲರ ಕಣ್ಣೂ ಹೋಯಿತು. ವಾರಗಟ್ಟಲೆ ನಾನು ಹಾಡು ಗುನುಗುತ್ತಾ ಹೊಲಿದದ್ದು ಹೆಣದ ಬಟ್ಟೆ.

"ಮೊನ್ನೆ ನೀವು ಉಡಿಸಿದ್ದೂ ಹೆಣಕ್ಕೇ ಅಲ್ವಾ ಮೇಡಂ?" ಎಂದರು ಇನ್‌ಸ್ಪೆಕ್ಟರ್, ಮೆಲ್ಲಗೆ.

ಅವರು ನೆಲದ ಮೇಲಿದ್ದ ಪುಸ್ತಕ ಎತ್ತಿ ಎದೆಗೆ ಒತ್ತಿಕೊಂಡರು.

ಮಿಕ್ಕದ್ದನ್ನು ಇನ್‌ಸ್ಪೆಕ್ಟರೇ ಬಿಡಿಸಿ ಹೇಳಿದರು, ಮೇಡಂ ಒಂದೊಂದಕ್ಕೂ ತಲೆಯಾಡಿಸಿ ಒಪ್ಪಿಕೊಂಡರು. ನಿರ್ದೇಶಕರು ಮೊದಲ ಪ್ರದರ್ಶನಕ್ಕೆ ಬನ್ನಿ ಎಂದು ಕಾಮಿಕ್ಸ್ ಬರೆದ ಜಪಾನಿ ಕಲಾವಿದರಿಗೆ ನೇರವಾಗಿ ಬರೆದಿದ್ದರು. ಯಾವ ನಾಟಕ, ನಾನು ಯಾರಿಗೂ ಒಪ್ಪಿಗೆ ಕೊಟ್ಟಿಲ್ಲವಲ್ಲ ಎಂಬ ಉತ್ತರ ನಿರ್ದೇಶಕರ ಫೋನಿನಲ್ಲಿತ್ತು. ಮೇಡಂ ತೋರಿಸಿದ ಒಪ್ಪಿಗೆ ಪತ್ರ ಅವರೇ ಬರೆದುಕೊಂಡದ್ದು. ಬೆಳಗ್ಗೆ ತಂಡದ ಮುಂದೆ ಎಲ್ಲ ಹೇಳಿ ನಾಟಕ ನಿಲ್ಲಿಸುತ್ತೇನೆಂದು ಮೇಡಂಗೆ ಹೇಳಿದ್ದರು ನಿರ್ದೇಶಕರು. ಆ ಸಂಜೆ ನೆಗಡಿ ಮಾತ್ರೆ ನುಂಗಿ ನನ್ನ ಕುರ್ಚಿಯಲ್ಲಿ ತೂಕಡಿಸುತ್ತಿದ್ದರು. ಮೊದಲೇ ಸಣಕಲು ಆಳು. ಕುರ್ಚಿಯಲ್ಲಿದ್ದ ಸ್ಪಂಜಿನ ದಿಂಬನ್ನು ಮೇಡಂ ಅವರ ಮುಖಕ್ಕೆ ಒತ್ತಿದ್ದು ಆಗ. ಆಮೇಲೆ ನಿಲುವಂಗಿ, ಆಮೇಲೆ ತಲೆ, ತೂತಿಗೆ ಸ್ಪಂಜು. ಪೊಲೀಸರು ಕೊಲೆ ಎಂದರೂ, ಕಳಪೆ ಕೆಲಸದಿಂದಾದ ಸಾವು ಎಂದರೂ, ಸಿಕ್ಕಿಬೀಳುವವನು ತಲೆ ಮಾಡಿದವನೇ.

"ಹನ್ನೊಂದು ವರ್ಷ ಆ ಪುಸ್ತಕದ ಜೊತೆ ಬದುಕಿದೀನಿ," ಎಂದರು ಮೇಡಂ. "ನನ್ನ ಹೆಸರು ಅದರ ಪಕ್ಕ ಇರ್ಬೇಕಿತ್ತು. ಅಷ್ಟೇ."

"ನನ್ನ ತಮ್ಮ ಜೈಲಲ್ಲಿ ಇದ್ರೂ ಪರವಾಗಿರ್ಲಿಲ್ವಾ?" ಎಂದು ಕೇಳಿದೆ. ಅವರು ಮುಖ ತಿರುಗಿಸಿದರು.

*

ಸಂಜೆ ತಮ್ಮನನ್ನು ಬಿಟ್ಟರು. ಎರಡು ದಿನದಲ್ಲೇ ಕಣ್ಣು ಗುಳಿಬಿದ್ದಿತ್ತು. ಠಾಣೆಯ ಮೆಟ್ಟಿಲಿಳಿದು ರಸ್ತೆಯ ತಿರುವಿನವರೆಗೆ ನಡೆದೆವು.

"ಅಕ್ಕಾ, ನಿಜ ಹೇಳು. ನಿಂಗೂ ನಾನೇ ಅನ್ನಿಸಿತ್ತಾ?"

ಇಲ್ಲ ಎನ್ನಬಹುದಿತ್ತು. ಪೊಲೀಸರು ಜೀಪಿಗೆ ಹತ್ತಿಸುವಾಗ ನನ್ನ ಬಾಯಿ ಯಾಕೆ ಕಟ್ಟಿತ್ತೆಂಬುದು ಅವನಿಗೆ ಗೊತ್ತಿತ್ತು. ಜೀಪಿನಿಂದ ನನ್ನನ್ನೇ ನೋಡುತ್ತಿದ್ದನಲ್ಲ.

"ಹೂಂ ಕಣೋ. ಇವತ್ತು ಬೆಳಗ್ಗೆ ಆ ಫೋಟೋ ನೋಡೋವರೆಗೂ ಅನ್ನಿಸಿತ್ತು," ಎಂದೆ. "ತಪ್ಪಾಯ್ತು."

"ಬೇರೆಯವರು ಅಂದ್ಕೊಂಡಿದ್ದಕ್ಕೆ ಬೇಜಾರಿಲ್ಲ ಅಕ್ಕಾ," ಎಂದ.

ಮನೆ ಮುಟ್ಟುವವರೆಗೂ ನನಗಿಂತ ನಾಲ್ಕು ಹೆಜ್ಜೆ ಮುಂದೆಯೇ ನಡೆದ.