ಬೆಳ್ಳಗಾದ ನಲವತ್ತೊಂದು

ಬ್ಯಾನರ್ ಕಟ್ಟಲೆಂದು ಗ್ಯಾಲರಿಯ ತುದಿಗೆ ಹತ್ತಿದ ಮೈಥಿಲಿಗೆ ಮೊದಲು ಕಂಡದ್ದು ನಾಲ್ಕು. ಆಮೇಲೆ ಒಂದು.

ಮೈದಾನದ ನಟ್ಟನಡುವೆ, ಹಸಿರು ಹುಲ್ಲಿನಲ್ಲಿ, ಮನೆಯಷ್ಟು ಅಗಲಕ್ಕೆ ಬಿಳಿಯ 41. ಅದನ್ನು ಹೊಡೆದುಹಾಕಿದಂತೆ ಮೇಲೊಂದು ಓರೆ ಗೆರೆ.

ಅವಳು ಕೆಳಗಿಳಿದು ಬಂದು ಕೈಯಾಡಿಸಿದಳು. ಬಣ್ಣವಲ್ಲ. ಹುಲ್ಲೇ ಬೆಳ್ಳಗಾಗಿತ್ತು.

ಕ್ಯಾರಿ ಊರಿನ ಕ್ರೇನ್ ಕ್ರೀಕ್ ಹೈಸ್ಕೂಲಿನಲ್ಲಿ ಅದು 2023ರ ಸೆಪ್ಟೆಂಬರಿನ ಒಂದು ಗುರುವಾರ. ಮರುದಿನ ಸಂಜೆ ಪಂದ್ಯ. ಪಂದ್ಯದ ನಡುವೆ ಆ ಮೈದಾನಕ್ಕೆ ಕೋಚ್ ಟೆರೆನ್ಸ್ ಬೋಲ್ಡನ್ ಅವರ ಹೆಸರಿಡುವುದೆಂದು ತೀರ್ಮಾನವಾಗಿತ್ತು. ಬೋಲ್ಡನ್ ಅಟ್ಲಾಂಟದ ಹುಡುಗ. ಸೌತ್ ಕ್ಯಾರೊಲೈನಾದ ಕಾಲೇಜಿನಲ್ಲಿ ಆಡಿ, ವಾಷಿಂಗ್ಟನ್ ಕಡೆಯ ತಂಡವೊಂದರಲ್ಲಿ ಕೆಲವು ಸೀಸನ್ ಹೆಸರು ಮಾಡಿ, ಮೊಣಕಾಲು ಮುರಿದುಕೊಂಡು, ಊರೂರು ಅಲೆದು ಕೋಚ್ ಆದವರು. ಸೋತು ಸುಣ್ಣವಾಗಿದ್ದ ಶಾಲೆಯ ಅಮೆರಿಕನ್ ಫುಟ್‌ಬಾಲ್ ತಂಡವನ್ನು ಎರಡೇ ವರ್ಷದಲ್ಲಿ ಎತ್ತಿ ನಿಲ್ಲಿಸಿದ್ದರು.

ಮೈಥಿಲಿಯ ಮಗಳು ನಿಧಿ ಆ ತಂಡದ ಕಿಕ್ಕರ್. ಚೆಂಡನ್ನು ಒದ್ದು ಎರಡು ಕಂಬಗಳ ನಡುವೆ ಹಾಯಿಸುವುದು ಅವಳ ಕೆಲಸ. ತಂಡದಲ್ಲಿ ಇದ್ದ ಒಬ್ಬಳೇ ಹುಡುಗಿ.

ಬೋಲ್ಡನ್ ಬಂದು ನಿಂತರು. ಅಂಕಿಗಳ ಸುತ್ತ ಒಮ್ಮೆ ನಡೆದರು.

"ಕಾಲೇಜಿನಲ್ಲಿ ಇದು ನನ್ನ ಜೆರ್ಸಿ ನಂಬರ್," ಎಂದರು ಕೊನೆಗೆ. "ಇಲ್ಲಿ ಯಾರಿಗೂ ಗೊತ್ತಿಲ್ಲ. ಎಲ್ಲರೂ ಕೇಳೋದು ಆಮೇಲೆ ವಾಷಿಂಗ್ಟನ್‌ನಲ್ಲಿ ಹಾಕಿದ ಇಪ್ಪತ್ನಾಲ್ಕನ್ನ."

"ಯಾರಿಗೂ ಅಂದ್ರೆ?"

"ವೇಡ್‌ಗೆ ಗೊತ್ತು."

* * *

ವೇಡ್ ಪ್ರುಯಿಟ್ ಸಹಾಯಕ ಕೋಚ್. ಕಾಲೇಜಿನಲ್ಲಿ ಬೋಲ್ಡನ್ ಅವರ ಜೊತೆಗಾರ. ಹಿಂದಿನ ಸಂಜೆ ಅವನು ಸ್ಪ್ರೇ ಡಬ್ಬ ಹಿಡಿದು ಮೈದಾನದ ಗೇಟು ದಾಟಿದ್ದನ್ನು ನಾಯಿ ಸುತ್ತಾಡಿಸುತ್ತಿದ್ದ ನೆರೆಯವರು ನೋಡಿದ್ದರು. ಪೊಲೀಸ್ ಅಧಿಕಾರಿ ಕಾಲ್ಡ್‌ವೆಲ್‌ಗೆ ಅಷ್ಟು ಸಾಕಾಗಿತ್ತು. ಅವಳು ಅವನನ್ನು ಕೂರಿಸಿಕೊಂಡು ವಿಚಾರಿಸಿದಳು.

"ಅದು ಗೆರೆ ಹಾಕೋ ಬಣ್ಣ," ಎಂದ ಪ್ರುಯಿಟ್. "ಶೆಡ್‌ನಲ್ಲಿಟ್ಟು ಬಂದೆ. ಕತ್ತಲಾಗ್ತಿತ್ತು, ಹುಲ್ಲು ನೋಡಿಲ್ಲ."

"ನಲವತ್ತೊಂದು ನಿಮಗೆ ಗೊತ್ತಿತ್ತು."

"ಗೊತ್ತಿಲ್ಲದೆ ಏನು? ಅದು ಮೊದಲು ನನ್ನ ನಂಬರ್. ಟೆರೆನ್ಸ್ ಬಂದ ವರ್ಷ ನನ್ನಿಂದ ತೆಗೆದು ಅವನಿಗೆ ಕೊಟ್ಟರು. ನಾನು ಬೆಂಚಿನ ಮೇಲೆ ಕೂತೆ."

"ಹೊಟ್ಟೆಕಿಚ್ಚು ಇತ್ತಾ?"

"ಇತ್ತಾ ಅಂತ ಯಾಕೆ ಕೇಳ್ತೀರಿ? ಈಗಲೂ ಇದೆ. ಅವನೆದುರೇ ಹೇಳಿದ್ದೀನಿ. ಅದಕ್ಕೂ ಹುಲ್ಲಿಗೂ ಏನು ಸಂಬಂಧ?"

ಶಾಲೆಯವರು ಅಂದೇ ಅವನನ್ನು ಕೆಲಸದಿಂದ ದೂರವಿಟ್ಟರು.

ಬೋಲ್ಡನ್ ಮೈಥಿಲಿಯನ್ನು ಪಕ್ಕಕ್ಕೆ ಕರೆದರು. ಅವಳು ರಿಸರ್ಚ್ ಟ್ರಯಾಂಗಲ್ ಪಾರ್ಕ್‌ನ ಕಂಪನಿಯೊಂದರಲ್ಲಿ ಕಳೆನಾಶಕಗಳ ವಿಜ್ಞಾನಿ ಎಂದು ಅವರಿಗೆ ಗೊತ್ತಿತ್ತು.

"ಡಾಕ್ಟರ್, ವೇಡ್ ಮಾಡಿದ್ದರೆ ನಾನು ಅಟ್ಲಾಂಟಕ್ಕೆ ವಾಪಸ್ ಹೋಗ್ತೀನಿ. ಅಲ್ಲೊಂದು ಕೆಲಸ ಕಾಯ್ತಿದೆ. ಅವನ ಮುಖ ನೋಡ್ಕೊಂಡು ಇಲ್ಲಿರೋಕಾಗಲ್ಲ. ಅವನು ಮಾಡಿಲ್ಲ ಅಂದ್ರೆ ಅದು ನನಗೆ ಖಾತ್ರಿ ಆಗಬೇಕು."

ಮೈಥಿಲಿ ಬೇರು ಸಮೇತ ಒಂದು ಹಿಡಿ ಹುಲ್ಲು ಕಿತ್ತು ಚೀಲದಲ್ಲಿ ಹಾಕಿಕೊಂಡಳು.

* * *

ಸಂಜೆ ಊಟದ ಮೇಜಿನಲ್ಲಿ ನಿಧಿ ತಟ್ಟೆ ಮುಟ್ಟಲಿಲ್ಲ.

"ಕೋಚ್ ಹೋಗ್ತಾರಂತೆ. ದಿಸ್ ಈಸ್ ಸೋ ಅನ್‌ಫೇರ್. ಫೀಲ್ಡ್ ಫುಲ್ ಸತ್ತ್ ಹೋಗಿದೆ ಅಮ್ಮ."

"ಸತ್ತಿಲ್ಲ ಪುಟ್ಟಿ," ಎಂದ ರವಿಶಂಕರ್, ಮಗಳ ತಟ್ಟೆಗೆ ಮೊಸರು ಬಡಿಸುತ್ತ. "ಸ್ವಲ್ಪ ದಿನ ಬಿಟ್ರೆ ತಾನೇ ಹಸಿರಾಗುತ್ತೆ. ಊಟ ಮಾಡು."

"ಹೌ ಡು ಯೂ ನೋ?"

"ಹುಲ್ಲು ಅಲ್ವಾ."

ನಿಧಿ ಎದ್ದು ಕೋಣೆಗೆ ಹೋದಳು. ರವಿ ಅವಳು ಬಿಟ್ಟ ತಟ್ಟೆಯನ್ನೇ ನೋಡುತ್ತ ಕೂತ. ಮೈಸೂರಿನಲ್ಲಿ ಓದುವಾಗ ಅವನು ಯೂನಿವರ್ಸಿಟಿಯ ಫುಟ್‌ಬಾಲ್ ಆಟಗಾರ. ಲಾಕ್‌ಡೌನ್ ವರ್ಷ ಅವರಿನ್ನೂ ಮೇರಿಲ್ಯಾಂಡಿನ ಗೈದರ್ಸ್‌ಬರ್ಗ್‌ನಲ್ಲಿದ್ದರು. ಎಲ್ಲ ಮುಚ್ಚಿದ್ದಾಗ ಹಿತ್ತಲ ಉಯ್ಯಾಲೆಯ ಕಂಬದ ಮೇಲಿಂದ ಚೆಂಡು ಹಾರಿಸುವುದನ್ನು ಮಗಳಿಗೆ ಕಲಿಸಿದವನು ಅವನೇ. ಅಪ್ಪನ ನಂಬರ್ ಏಳು. ಅದೇ ಏಳನ್ನು ಅವಳು ಇಲ್ಲಿಯೂ ಹಾಕಿಕೊಂಡಿದ್ದಳು.

ಈಗ ಮನೆಯಲ್ಲಿ ಬೆಳಗಾದರೆ ಕೋಚ್, ಬೈಗಾದರೆ ಕೋಚ್.

* * *

ಶುಕ್ರವಾರ ಬೆಳಿಗ್ಗೆ ಲ್ಯಾಬಿನಲ್ಲಿ ಮೈಥಿಲಿ ಬೇರು ಸೀಳಿ ನೋಡಿದಳು. ಗಟ್ಟಿಯಾಗಿ, ಜೀವಂತವಾಗಿತ್ತು. ಎಲೆಯಲ್ಲಿ ಮಾತ್ರ ಹಸಿರು ಬತ್ತಿತ್ತು.

ಹುಲ್ಲನ್ನು ಕೊಲ್ಲುವ ಔಷಧ ಹೊಡೆದರೆ ಅದು ಕಂದು ಬಣ್ಣಕ್ಕೆ ತಿರುಗಿ ಒಣಗುತ್ತದೆ. ಬೆಳ್ಳಗಾಗುವುದಿಲ್ಲ. ಮೈದಾನದಲ್ಲಿದ್ದ ಬರ್ಮುಡಾ ಹುಲ್ಲನ್ನು ಹೀಗೆ ಬೆಳ್ಳಗೆ ಮಾಡುವುದು ಬೇರೆಯೇ ಔಷಧ. ಮನೆಗಳ ಮುಂದಿನ ಫೆಸ್ಕ್ಯೂ ಹುಲ್ಲಿನಲ್ಲಿ ಏಳುವ ಕಳೆಗೆ ಹೊಡೆಯುವಂಥದು. ಫೆಸ್ಕ್ಯೂಗೆ ಅದು ಏನೂ ಮಾಡದು. ಬರ್ಮುಡಾ ಬಿಳಿಚಿಕೊಂಡು, ಆಮೇಲೆ ತಾನೇ ಚೇತರಿಸಿಕೊಳ್ಳುತ್ತದೆ.

ಇನ್ನೊಂದು ಮಾತು. ಆ ಬಿಳುಪು ರಾತ್ರಿ ಬೆಳಗಾಗುವುದರೊಳಗೆ ಬರುವುದಿಲ್ಲ. ನಾಲ್ಕೈದು ದಿನ ಹಿಡಿಯುತ್ತದೆ.

ಅವಳು ಕಾಲ್ಡ್‌ವೆಲ್‌ಗೆ ಫೋನ್ ಮಾಡಿದಳು. "ಬುಧವಾರ ಸಂಜೆ ಬಿಡಿ. ಹೋದ ವಾರದ ಕೊನೆಗೆ ಪ್ರುಯಿಟ್ ಎಲ್ಲಿದ್ದರು?"

"ಅಟ್ಲಾಂಟದಲ್ಲಿ. ತಾಯಿಗೆ ಆಪರೇಷನ್ ಅಂತ ಮಂಗಳವಾರದವರೆಗೂ ಆಸ್ಪತ್ರೆಯಲ್ಲಿ. ಯಾಕೆ?"

"ಹಾಗಿದ್ದರೆ ಅವರಲ್ಲ."

ಫೋನಿಟ್ಟ ಮೇಲೆ ಅವಳಿಗೆ ನಿರಾಳವಾಗಬೇಕಿತ್ತು. ಆಗಲಿಲ್ಲ. ಸತ್ತಿಲ್ಲ ಪುಟ್ಟಿ, ತಾನೇ ಹಸಿರಾಗುತ್ತೆ. ಊಟದ ಹೊತ್ತಿಗೆ ಆ ಮಾತು ಸಮಾಧಾನದಂತೆ ಕೇಳಿಸಿತ್ತು. ಬೇರು ಜೀವಂತವಾಗಿದೆ ಎಂದು ಅವಳಿಗೇ ತಿಳಿದದ್ದು ಈಗ.

ಕೋಚ್ ಹತ್ತಿರ ಹೋಗಬೇಕು, ಹೊರಡು ಎಂದು ಅವಳು ರವಿಗೆ ಫೋನ್ ಮಾಡಿದಳು.

* * *

ಶಾಲೆಯ ಪಾರ್ಕಿಂಗ್ ಲಾಟ್‌ನಲ್ಲಿ ಕಾರು ನಿಲ್ಲಿಸಿ ಅವಳು ಇಳಿಯಲಿಲ್ಲ. ಪಕ್ಕದಲ್ಲಿ ರವಿ.

"ಕೋಚ್ ನನ್ನನ್ಯಾಕೆ ಕರೆದ್ರು?"

"ಅವರು ಕರೆದಿಲ್ಲ. ನಾನು ಕರ್ಕೊಂಡು ಬಂದಿದ್ದು. ನೀನೇ ಹೇಳ್ತೀಯಾ ರವಿ, ನಾನು ಹೇಳ್ಲಾ?"

ಅವನು ಏನು ಎಂದು ಕೇಳಲಿಲ್ಲ. ಅದೇ ಉತ್ತರವಾಯಿತು.

"ನಿಧಿಗೆ ಗೊತ್ತಾಗ್ಲೇಬೇಕಾ?" ಎಂದ.

"ವೇಡ್ ಕೆಲಸ ಹೋಗ್ತಿದೆ."

* * *

ಕೋಚ್ ಕೋಣೆಯಲ್ಲಿ ಬೋಲ್ಡನ್, ಮೈಥಿಲಿ ಫೋನ್ ಮಾಡಿ ಕರೆಸಿದ್ದ ಕಾಲ್ಡ್‌ವೆಲ್, ಪ್ರುಯಿಟ್ ಇದ್ದರು. ಬಾಗಿಲ ಬಳಿ ಜೆರ್ಸಿ ಹಾಕಿಕೊಂಡ ನಿಧಿ. ರವಿ ಮಗಳನ್ನು ಕಂಡು ಅಲ್ಲೇ ನಿಂತ. ಮೈಥಿಲಿಯೇ ಶುರು ಮಾಡಿದಳು.

"ಇದು ಮನೆ ಹುಲ್ಲಿಗೆ ಹೊಡೆಯೋ ಔಷಧ. ಮೈದಾನ ನೋಡ್ಕೊಳ್ಳೋರು ಇದನ್ನ ಹತ್ತಿರಕ್ಕೂ ತರಲ್ಲ. ಹೊಡೆದಿದ್ದು ಹೋದ ಭಾನುವಾರದ ಆಸುಪಾಸು. ಈ ವಾರ ತಂಡ ಶಾಲೆ ಹಿಂಭಾಗದ ಗ್ರೌಂಡಿನಲ್ಲಿ ಪ್ರಾಕ್ಟೀಸ್ ಮಾಡಿತು, ಅದಕ್ಕೇ ಯಾರೂ ನೋಡಿಲ್ಲ. ಗೇಟಿನ ಬೀಗ ಒಡೆದಿಲ್ಲ. ಕೀ ಇರೋದು ಕೋಚ್‌ಗಳ ಹತ್ತಿರ, ತಿಂಡಿ ಅಂಗಡಿ ನಡೆಸೋ ಪೇರೆಂಟ್ಸ್ ಹತ್ತಿರ. ಈ ತಿಂಗಳು ಆ ಕೀ ಇರೋದು ನಮ್ಮ ಮನೇಲಿ."

ಅವಳು ಬೋಲ್ಡನ್ ಕಡೆ ತಿರುಗಿದಳು.

"ನಲವತ್ತೊಂದರ ವಿಷಯ ಇಲ್ಲಿ ಯಾರಿಗೂ ಗೊತ್ತಿಲ್ಲ ಅಂದ್ರಿ, ಕೋಚ್. ನೀವೇ ಮರೆತಿದ್ದೀರಿ. ಆಗಸ್ಟ್‌ನಲ್ಲಿ ನಮ್ಮನೆಗೆ ಊಟಕ್ಕೆ ಬಂದಾಗ ನಿಧಿಗೆ ಹೇಳಿದ್ರಿ, ಮುಂದಿನ ವರ್ಷ ನನ್ನ ಹಳೇ ನಲವತ್ತೊಂದು ನೀನು ಹಾಕ್ಕೋ ಅಂತ. ಆಯ್ತು ಅಂದಳು. ಆ ಮೇಜಿನಲ್ಲಿ ಇದ್ದದ್ದು ನಾವು ನಾಲ್ಕೇ ಜನ."

ಅವಳ ದನಿ ಸಣ್ಣದಾಯಿತು. "ಈ ಔಷಧದ ಬಾಟ್ಲಿ ತಂದಿದ್ದು ನಾನೇ. ಪಕ್ಕದ ಮನೆ ಬರ್ಮುಡಾ ಮೇಲೆ ಬೀಳಿಸ್ಬೇಡ, ಬೆಳ್ಳಗಾಗುತ್ತೆ, ಸಾಯಲ್ಲ, ಆದ್ರೂ ಬೈತಾರೆ ಅಂದಿದ್ದೆ. ನಾನಿನ್ನೂ ಹುಲ್ಲು ಪರೀಕ್ಷೆ ಮಾಡೋಕೆ ಮುಂಚೆ, ನಿನ್ನೆ ಸಂಜೆ, ಅದು ಸತ್ತಿಲ್ಲ ಅಂತ ಒಬ್ಬರಿಗೆ ಗೊತ್ತಿತ್ತು."

"ನಾನೇ," ಎಂದ ರವಿ. "ಭಾನುವಾರ ಮಧ್ಯಾಹ್ನ. ವಾಲಂಟಿಯರ್ ಟೀ ಶರ್ಟ್ ಹಾಕ್ಕೊಂಡಿದ್ದೆ. ಯಾರೂ ಕೇಳಲಿಲ್ಲ."

ನಿಧಿ ಗೋಡೆಗೆ ಒರಗಿದಳು.

"ಪೇಪರಿನಲ್ಲಿ ಬಂತಲ್ಲ, ಅವಳ ಕಿಕ್ ಕೋಚ್ ಕಲಿಸಿದ್ದು ಅಂತ," ರವಿ ಬೋಲ್ಡನ್ ಕಡೆ ನೋಡದೆ ಹೇಳಿದ. "ಸಹಿಸಿಕೊಂಡೆ. ಆಮೇಲೆ ನನ್ನ ಏಳೂ ಹೋಯ್ತು. ಈಗ ಮೈದಾನಕ್ಕೂ ನಿಮ್ಮ ಹೆಸರು ಅಂದ್ರು. ವೇಡ್ ಮೇಲೆ ಬರುತ್ತೆ ಅಂತ ನಾನು ಅಂದ್ಕೊಂಡಿರ್ಲಿಲ್ಲ."

"ಬಂದ ಮೇಲೆ?" ಎಂದ ಪ್ರುಯಿಟ್.

ಬೋಲ್ಡನ್ ಮುಖ ಒರೆಸಿಕೊಂಡರು. "ಮಿಸ್ಟರ್ ರವಿಶಂಕರ್, ಅವಳು ನನ್ನ ಹತ್ತಿರ ಬಂದಾಗಲೇ ಅವಳಿಗೆ ಒದೆಯೋಕೆ ಬರ್ತಿತ್ತು. ತಪ್ಪಿದ ಮೇಲೆ ಮತ್ತೆ ಹೋಗಿ ನಿಲ್ಲೋದನ್ನ ಮಾತ್ರ ನಾನು ಕಲಿಸಿದೆ. ಪೇಪರಿನವನಿಗೆ ಅವಳಪ್ಪ ಕಲಿಸಿದ್ದು ಅಂತಲೇ ಹೇಳಿದ್ದೆ. ಅವನು ಬರೀಲಿಲ್ಲ. ನಿಮಗಾದರೂ ನಾನು ಫೋನ್ ಮಾಡಿ ಹೇಳಬಹುದಿತ್ತು. ನೀವೂ ಕೇಳಬಹುದಿತ್ತು."

ಕಾಲ್ಡ್‌ವೆಲ್ ಹೇಳಿಕೆ ಬರೆದುಕೊಂಡಳು. ಕೇಸು ಕೋರ್ಟಿಗೆ ಹೋಗುತ್ತದೆ, ಅಲ್ಲಿಯವರೆಗೆ ರವಿ ಮೈದಾನದೊಳಗೆ ಕಾಲಿಡುವಂತಿಲ್ಲ ಎಂದಳು. ಪ್ರುಯಿಟ್ ಎದ್ದು ಯಾರಿಗೂ ಏನೂ ಹೇಳದೆ ಹೊರಗೆ ಹೋದ. ಹಸಿರು ಬಣ್ಣದ ಡಬ್ಬ ತಂದು ತಾನೇ ಆ ಅಂಕಿಗಳನ್ನು ಮುಚ್ಚತೊಡಗಿದ. ಸ್ವಲ್ಪ ಹೊತ್ತಿಗೆ ಬೋಲ್ಡನ್ ಇನ್ನೊಂದು ಡಬ್ಬ ಹಿಡಿದು ಅವನ ಪಕ್ಕ ಬಗ್ಗಿದರು.

* * *

ಸಂಜೆ ಪಂದ್ಯ ನಡೆಯಿತು. ನಡುವೆ ಮೈದಾನಕ್ಕೆ ಬೋಲ್ಡನ್ ಅವರ ಹೆಸರನ್ನೂ ಇಟ್ಟರು. ರವಿ ಪಾರ್ಕಿಂಗ್ ಲಾಟ್‌ನಲ್ಲಿ ಕಾರಿನೊಳಗೆ ಕೂತಿದ್ದ. ಕಿಟಕಿ ಇಳಿಸಿದ್ದ.

ಮುಗಿದ ಮೇಲೆ ಮೈಥಿಲಿ ಮಗಳನ್ನು ಕರೆದುಕೊಂಡು ಬಂದಳು. ನಿಧಿ ಯಾವಾಗಲೂ ಅಪ್ಪನ ಪಕ್ಕ ಕೂರುವವಳು. ಇವತ್ತು ಹಿಂದಿನ ಬಾಗಿಲು ತೆಗೆದಳು.

"ಕೊನೇಲಿ ದೊಡ್ಡ ಕೂಗು ಕೇಳಿಸ್ತು," ಎಂದ ರವಿ, ಹಿಂದೆ ತಿರುಗದೆ. "ನಿನ್ನ ಕಿಕ್ಕಾ? ಹೋಯ್ತಾ?"

"ಮಿಸ್ ಆಯ್ತು ಅಪ್ಪ. ಕೂಗಿದ್ದು ಅವರ ಸೈಡ್."

ರವಿಯ ಕೈ ಕೀಲಿಯ ಮೇಲೆ ನಿಂತಿತು. ಕಾಲು ಎಲ್ಲಿಟ್ಟೆ, ಚೆಂಡಿಗೆ ಹತ್ತಿರ ಆಯ್ತಾ, ಗಾಳಿ ಇತ್ತಾ ಎಂದು ಕೇಳಲು ಅವನ ಬಾಯಿ ತವಕಿಸುತ್ತಿದ್ದುದು ಮೈಥಿಲಿಗೆ ಕಂಡಿತು. ಅವನು ಕೇಳಲಿಲ್ಲ.

"ಟುಮಾರೋ ಬೆಳಿಗ್ಗೆ ಪ್ರಾಕ್ಟೀಸ್ ಇದೆ," ಎಂದಳು ನಿಧಿ. "ಕೋಚ್ ಬಾ ಅಂದ್ರು. ಅಮ್ಮ ಡ್ರಾಪ್ ಮಾಡ್ತಾಳೆ."

"ಸರಿ," ಎಂದ ರವಿ. ಕಾರು ಸ್ಟಾರ್ಟ್ ಮಾಡಿದ.